ಹಳೇ ಕಾರಿಗೆ ಹೊಸ ಪೇಂಟ್ ಹೊಡೆಸ್ತೀರಾ? ಉಜ್ಜುವ ಮೊದಲು ಫ್ಯಾಕ್ಟರಿ ಬಣ್ಣ ಎಲ್ಲಿ ಅಡಗಿದೆ ನೋಡಿ!

ಮಂಗಳೂರು: ಅಜ್ಜನ ಕಾಲದ ಅಂಬಾಸಿಡರ್, ಅಪ್ಪ ಮದುವೆಗೆ ಮೊದಲು ತೆಗೊಂಡ ಪ್ರೀಮಿಯರ್ ಪದ್ಮಿನಿ, ಮಾವ ಬೊಂಬಾಯಿಯಿಂದ ಓಡಿಸಿಕೊಂಡು ಬಂದ ಫಿಯೆಟ್. ನಮ್ಮ ಊರಿನ ಎಷ್ಟೋ ಮನೆಗಳ ಶೆಡ್ಡಿನಲ್ಲಿ ಇಂಥ ಒಂದು ಕಾರು ಟಾರ್ಪಾಲ್ ಹೊದ್ದು ನಿಂತಿದೆ. ಅದನ್ನು ಪುನಃ ರಸ್ತೆಗೆ ಇಳಿಸಬೇಕು ಅನ್ನುವ ಆಸೆ ಈಗ ಹಲವರಿಗೆ ಬಂದಿದೆ. ಆಸೆ ಒಳ್ಳೇದೇ. ಆದರೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಏನು ಗೊತ್ತುಂಟಾ? ಕಾರನ್ನು ಸೀದಾ ಗ್ಯಾರೇಜಿಗೆ ಒಯ್ದು ಪೂರ್ತಿ ಉಜ್ಜಿಸಿ, ಕನ್ನಡಿ ಹಾಗೆ ಹೊಳೆಯುವ ಪೇಂಟ್ ಹೊಡೆಸುವುದು.

ಸಮಸ್ಯೆ ಶುರುವಾಗುವುದೇ ಅಲ್ಲಿ. ಇಂಜಿನ್ ಹಾಳಾದರೆ ರಿಪೇರಿ ಮಾಡಬಹುದು, ಸೀಟ್ ಹರಿದರೆ ಹೊಲಿಸಬಹುದು. ಆದರೆ ಫ್ಯಾಕ್ಟರಿಯಲ್ಲಿ ಹೊಡೆದ ಬಣ್ಣ ಒಂದೇ ಸಲ ಇರುವುದು. ಉಜ್ಜಿ ತೆಗೆದರೆ ಅದರ ಜತೆ ಆ ಕಾರು ಹುಟ್ಟಿದಾಗ ಹೇಗಿತ್ತು ಅನ್ನುವ ಸಾಕ್ಷಿಯೂ ಹೋಯಿತು. ಆಮೇಲೆ ಉಳಿಯುವುದು ಬರೀ ಊಹೆ. ಹಾಗಾಗಿ ಸ್ಯಾಂಡ್ ಪೇಪರ್ ಹಿಡಿಯುವ ಮೊದಲು ಹಳೇ ಬಣ್ಣವನ್ನು ಹೇಗೆ ಓದುವುದು, ಅದನ್ನು ವಾಪಸ್ ತರುವುದು ಹೇಗೆ, ನಮ್ಮ ಕರಾವಳಿಯ ಹವೆಯಲ್ಲಿ ಏನು ಜಾಗ್ರತೆ ಬೇಕು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳ್ತೇವೆ.

ಈಗ ಯಾಕೆ ಈ ಮಾತು?

ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈಯಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿ ಆಗಿ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಇದರಡಿ ಬರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, ಮರು ನೋಂದಣಿಗೆ 5,000 ರೂಪಾಯಿ ಶುಲ್ಕ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಕೋಡ್ ಆದ ಮೇಲೆ 'ವಿಎ' ಎಂಬ ಅಕ್ಷರ ಬರುತ್ತದೆ. ಇದರ ಮುಖ್ಯ ಷರತ್ತು ಏನೆಂದರೆ, ವಾಹನ ಮೂಲ ರೂಪದಲ್ಲೇ ಇರಬೇಕು. ಚಾಸಿಸ್, ಬಾಡಿ ಶೆಲ್, ಇಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಇಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ.

ಲೆಕ್ಕ ಹಾಕಿ ನೋಡಿ. ಫಿಯೆಟ್ 1100 ಡಿಲೈಟ್ ಅಂತ 1964ರಲ್ಲಿ ಶುರುವಾದ ಕಾರಿಗೆ 'ಪದ್ಮಿನಿ' ಹೆಸರು ಬಂದದ್ದು 1974ರ ಹೊತ್ತಿಗೆ. ಅಂದರೆ ಮೊದಲ ಪದ್ಮಿನಿಗಳಿಗೆ ಈಗಾಗಲೇ 50 ತುಂಬಿದೆ. ಅಂಬಾಸಿಡರ್ ಶುರುವಾದದ್ದು 1950ರ ದಶಕದ ಕೊನೆಗೆ, ನಿಂತದ್ದು 2014ರಲ್ಲಿ. 1983ರ ಡಿಸೆಂಬರಲ್ಲಿ ಬಂದ ಮೊದಲ ಮಾರುತಿ 800ಗಳಿಗೆ 2033ಕ್ಕೆ 50 ಆಗುತ್ತದೆ. ಅಂದರೆ ಇವತ್ತು ನಾವು 'ಹಳೇ ಡಬ್ಬ' ಅಂತ ಪೇಂಟ್ ಕೆರೆದು ಬಿಸಾಡುವ ಕಾರು ನಾಳೆ ವಿಂಟೇಜ್.

ಹಳೇ ಕಾರುಗಳನ್ನು ಹತ್ತಿರದಿಂದ ನೋಡಬೇಕು ಅಂತಿದ್ದರೆ ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯಲ್ಲೇ ಧರ್ಮಸ್ಥಳದಲ್ಲಿ ಮಂಜೂಷಾ ಸಂಗ್ರಹಾಲಯದ ಕಾರುಗಳಿವೆ. ಶ್ರೀರಂಗಪಟ್ಟಣದ ಹತ್ತಿರ 'ಪಯಣ' ಕಾರು ಮ್ಯೂಸಿಯಂ ಉಂಟು. ದೇವಸ್ಥಾನಕ್ಕೆ ಹೋದಾಗ ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ.

ಫ್ಯಾಕ್ಟರಿ ಪೇಂಟಿಗೂ ಗ್ಯಾರೇಜ್ ಪೇಂಟಿಗೂ ಏನು ವ್ಯತ್ಯಾಸ?

ಒಂದು ವಿಷಯ ಅರ್ಥ ಆದರೆ ಉಳಿದದ್ದೆಲ್ಲ ಸುಲಭ. ಫ್ಯಾಕ್ಟರಿಯಲ್ಲಿ ಬಣ್ಣ ಹೊಡೆಯುವಾಗ ಕಾರು ಬರೀ ತಗಡಿನ ಪೆಟ್ಟಿಗೆ. ಗಾಜಿಲ್ಲ, ರಬ್ಬರ್ ಇಲ್ಲ, ವಯರಿಂಗ್ ಇಲ್ಲ, ಲೈಟ್ ಇಲ್ಲ, ಸೀಟ್ ಇಲ್ಲ. ಖಾಲಿ ಶೆಲ್ಲಿಗೆ ಪ್ರೈಮರ್, ಬಣ್ಣ ಆಗಿ ಓವನ್ನಿನಲ್ಲಿ ಬೆಂದ ಮೇಲೆ ಉಳಿದದ್ದೆಲ್ಲ ಜೋಡಣೆ. ಗ್ಯಾರೇಜಲ್ಲಿ ಇದು ಉಲ್ಟಾ. ರಬ್ಬರ್, ಗಾಜು ಎಲ್ಲ ಇದ್ದ ಹಾಗೇ ಮಾಸ್ಕಿಂಗ್ ಟೇಪ್ ಅಂಟಿಸಿ, ಪೇಪರ್ ಮುಚ್ಚಿ ಹೊಡೆಯುತ್ತಾರೆ.

ಹಾಗಾಗಿ ಫ್ಯಾಕ್ಟರಿ ಬಣ್ಣ ರಬ್ಬರಿನ ಅಡಿಗೂ ಹೋಗಿರುತ್ತದೆ. ಗ್ಯಾರೇಜ್ ಬಣ್ಣ ರಬ್ಬರಿನ ಅಂಚಿನಲ್ಲಿ ಗೆರೆ ಎಳೆದ ಹಾಗೆ ನಿಲ್ಲುತ್ತದೆ. ಉಗುರಿನಿಂದ ಆ ಅಂಚು ಸವರಿ, ಸಣ್ಣ ಮೆಟ್ಟಿಲಿನ ಹಾಗೆ ಸಿಕ್ಕಿದರೆ ಆ ಜಾಗಕ್ಕೆ ಪುನಃ ಪೇಂಟ್ ಆಗಿದೆ ಅಂತ ತಿಳಿಯಬಹುದು.

ಎರಡನೇದು ದಪ್ಪ. ಫ್ಯಾಕ್ಟರಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. ಮೇಲಿಂದ ಮೇಲೆ ಹೊಡೆದಲ್ಲಿ 300 ದಾಟುತ್ತದೆ, ಪುಟ್ಟಿ ಹಾಕಿದಲ್ಲಿ ಸಾವಿರವೂ ಆಗಬಹುದು. ಇದನ್ನು ಅಳೆಯುವ ಚಿಕ್ಕ ಮೀಟರ್ ಆನ್‌ಲೈನಲ್ಲಿ ಸಿಗುತ್ತದೆ. ಮೀಟರ್ ಇಲ್ಲದಿದ್ದರೆ ಫ್ರಿಜ್ಜಿಗೆ ಅಂಟಿಸುವ ತೆಳು ಮ್ಯಾಗ್ನೆಟ್ ಸಾಕು. ಬಟ್ಟೆ ಸುತ್ತಿ ಇಟ್ಟು ನೋಡಿ, ದಪ್ಪ ಪುಟ್ಟಿ ಇದ್ದಲ್ಲಿ ಅದು ಹಿಡಿಯುವುದಿಲ್ಲ.

ಬಣ್ಣ ಅಡಗಿರುವ ಜಾಗಗಳು

ಹೊರಗಿನ ಬಾಡಿಗೆ ನಾಲ್ಕು ಸಲ ಪೇಂಟ್ ಆಗಿದ್ದರೂ ಕೆಲವು ಮೂಲೆಗಳನ್ನು ಯಾರೂ ಮುಟ್ಟಿರುವುದಿಲ್ಲ. ನೋಡಬೇಕಾದ ಜಾಗಗಳು ಇವು:

– ಡ್ಯಾಶ್‌ಬೋರ್ಡಿನ ಅಡಿ, ಗ್ಲೋವ್ ಬಾಕ್ಸ್ ತೆಗೆದರೆ ಅದರ ಹಿಂದೆ
– ಗಾಜಿನ ರಬ್ಬರ್ ಬೀಡಿಂಗ್ ಅಡಿಯ ತಗಡು
– ಬಾಗಿಲಿನ ಒಳಗಿನ ಪ್ಯಾಡ್ ಬಿಚ್ಚಿದರೆ ಕಾಣುವ ಭಾಗ
– ಕ್ರೋಮ್ ಪಟ್ಟಿ, ಬ್ಯಾಡ್ಜ್, ಟೈಲ್ ಲ್ಯಾಂಪುಗಳ ಹಿಂದೆ
– ಹಿಂದಿನ ಸೀಟಿನ ಅಡಿ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ
– ಬಾಗಿಲಿನ ಕೆಳಗೆ ಕಾಲಿಡುವಲ್ಲಿ ಇರುವ ಪಟ್ಟಿಯ ಅಡಿ

ಇಲ್ಲಿ ಸಿಗುವುದು ಬರೀ ಬಣ್ಣ ಅಲ್ಲ. ಪ್ರೈಮರ್ ಯಾವ ಬಣ್ಣದ್ದು, ಸ್ಪ್ರೇ ಗನ್ ಎಲ್ಲಿವರೆಗೆ ತಲುಪಿದೆ, ಎಲ್ಲಿ ತೆಳ್ಳಗೆ ಮಂಜಿನ ಹಾಗೆ ಬಿದ್ದು ಪ್ರೈಮರ್ ಕಾಣುತ್ತಿದೆ, ತಗಡಿನ ಜೋಡಣೆಗೆ ಸೀಲರನ್ನು ಬ್ರಶ್ಶಿನಲ್ಲಿ ಎಳೆದಿದ್ದಾರಾ, ಚಾಕಿನಲ್ಲಿ ಬರೆದ ನಂಬರ್ ಉಂಟಾ, ಬೋಲ್ಟ್ ಬಿಗಿ ಮಾಡಿ ಚೆಕ್ ಆಯಿತು ಅಂತ ಇಟ್ಟ ಬಣ್ಣದ ಚುಕ್ಕೆ ಉಂಟಾ, ಇವೆಲ್ಲ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರ ಕೈ ಗುರುತು. ರಿಸ್ಟೋರೇಶನ್ ಮಾಡುವವರು ಇದನ್ನೇ 'ಫ್ಯಾಕ್ಟರಿ ಡೀಟೇಲ್' ಅನ್ನುವುದು.

ಹೆಚ್ಚಿನ ಗ್ಯಾರೇಜುಗಳಲ್ಲಿ ಇದನ್ನು ಕೊಳೆ ಅಂತ ತಿಳಿದು ಡೀಸೆಲ್ ಹಾಕಿ ತೊಳೆದುಬಿಡುತ್ತಾರೆ. ತೊಳೆಯುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟರೆ ಅಳತೆಯೂ ಗೊತ್ತಾಗುತ್ತದೆ. ನೂರಲ್ಲ, ಇನ್ನೂರು ಫೋಟೋ ಆದರೂ ಪರವಾಗಿಲ್ಲ, ಮೆಮೊರಿ ಕಾರ್ಡಿಗೆ ಭಾರ ಆಗುವುದಿಲ್ಲ.

ಪದರ ಪದರವಾಗಿ ಓದುವುದು

ಮುಟ್ಟದ ಜಾಗ ಸಿಗಲಿಲ್ಲ ಅಂತಾದರೆ ಇನ್ನೊಂದು ದಾರಿ ಉಂಟು. ಕಣ್ಣಿಗೆ ಬೀಳದ ಒಂದು ಕಡೆ, ಐವತ್ತು ಪೈಸೆಯಷ್ಟು ಅಗಲದ ಜಾಗವನ್ನು ನೀರು ಹಾಕಿಕೊಂಡು ನಯವಾದ ಸ್ಯಾಂಡ್ ಪೇಪರಿನಲ್ಲಿ ಗುಂಡಗೆ ಉಜ್ಜಬೇಕು. 600 ನಂಬರಿನಿಂದ ಶುರು ಮಾಡಿ, 1000, ಆಮೇಲೆ 2000. ಮಧ್ಯದಲ್ಲಿ ತಗಡು ಕಾಣುವಷ್ಟು ಇಳಿದರೆ ಸುತ್ತಲೂ ಒಂದೊಂದೇ ಪದರ ಉಂಗುರದ ಹಾಗೆ ಕಾಣುತ್ತದೆ. ಕಡಿದ ಮರದ ಕಾಂಡ ನೋಡಿದ ಹಾಗೆ. ತಗಡಿನ ಹತ್ತಿರದ್ದು ಪ್ರೈಮರ್, ಅದಕ್ಕೆ ತಾಗಿದ ಬಣ್ಣ ಫ್ಯಾಕ್ಟರಿಯದ್ದು. ಅದರ ಮೇಲೆ ಪುನಃ ಪ್ರೈಮರ್ ಬಂದರೆ ಅಲ್ಲಿಂದ ಗ್ಯಾರೇಜಿನ ಕಥೆ ಶುರು.

ಆದರೆ ಬಾಗಿಲು, ಬಾನೆಟ್, ಮಡ್‌ಗಾರ್ಡ್ ಇವುಗಳನ್ನು ಮಾತ್ರ ನಂಬಿ ತೀರ್ಮಾನ ಮಾಡಬೇಡಿ. ಆ್ಯಕ್ಸಿಡೆಂಟ್ ಆಗಿ ಬೇರೆ ಕಾರಿನದ್ದು ತಂದು ಹಾಕಿರಬಹುದು. ಬಿಚ್ಚಲಿಕ್ಕಾಗದ ಭಾಗ, ಅಂದರೆ ಡ್ಯಾಶ್ ಹಿಂದಿನ ಗೋಡೆ, ಬಾಗಿಲಿನ ಕಂಬ, ಡಿಕ್ಕಿಯ ನೆಲ, ಇವುಗಳಲ್ಲಿ ಕನಿಷ್ಠ ಎರಡು ಮೂರು ಕಡೆ ಒಂದೇ ಬಣ್ಣ ಸಿಗಬೇಕು.

ಬಿಳಿ ಅಂಬಾಸಿಡರ್ ಇದ್ದವರು ಒಂದು ವಿಷಯ ನೆನಪಿಡಿ. ಹಳೇ ಎನಾಮಲ್ ಬಿಳಿ ಬಣ್ಣ ಕತ್ತಲಲ್ಲಿ ಇದ್ದಷ್ಟೂ ಹಳದಿ ತಿರುಗುತ್ತದೆ. ಹಾಗಾಗಿ ಗ್ಲೋವ್ ಬಾಕ್ಸ್ ಹಿಂದೆ ಸಿಕ್ಕಿದ ಕೆನೆ ಬಣ್ಣವನ್ನೇ ಒರಿಜಿನಲ್ ಅಂತ ಪೂರ್ತಿ ಕಾರಿಗೆ ಹೊಡೆಸಿದರೆ ಎಡವಟ್ಟಾಗಬಹುದು. ಕೆಂಪು, ಮೆರೂನ್ ಇದ್ದವರಿಗೆ ಇದರ ಉಲ್ಟಾ. ಅವು ಬಿಸಿಲಿಗೆ ಮಾಸಿ ಪುಡಿ ಏಳುತ್ತವೆ, ಅಡಗಿದ ಜಾಗದ್ದೇ ಸರಿಯಾದ ಬಣ್ಣ. ಯಾವುದೇ ಆಗಲಿ, ಸ್ಯಾಂಪಲ್ ತೆಗೆಯುವ ಮೊದಲು ಆ ಜಾಗವನ್ನು ಮೆಲ್ಲ ಪಾಲಿಶ್ ಮಾಡಿ, ಮೇಲಿನ ಮಂಕು ಹೋದ ಮೇಲೆ ನೋಡಿ.

ಅದು ಯಾವ ಜಾತಿಯ ಪೇಂಟ್?

ಬಣ್ಣ ಸಿಕ್ಕಿದರೆ ಸಾಲದು, ಪೇಂಟಿನ ಜಾತಿಯೂ ಗೊತ್ತಾಗಬೇಕು. ಕಾರು ಪೇಂಟಿನ ಚರಿತ್ರೆ ಸ್ವಲ್ಪ ತಿಳಿದರೆ ಇದು ಅರ್ಥ ಆಗುತ್ತದೆ. ಅಮೆರಿಕದ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರನ್ನು 1914ರಿಂದ 1925ರ ತನಕ ಕಪ್ಪಿನಲ್ಲಿ ಮಾತ್ರ ಮಾರಿತು. ಆ ಕಾಲದಲ್ಲಿ ಬೇರೆ ಕಂಪನಿಗಳ ಬಣ್ಣದ ಕಾರುಗಳ ವಾರ್ನಿಶ್ ಒಣಗಲು ವಾರಗಟ್ಟಲೆ ಬೇಕಿತ್ತು. 1920ರ ದಶಕದಲ್ಲಿ ಡ್ಯೂಪಾಂಟ್ ಕಂಪನಿಯ 'ಡ್ಯೂಕೋ' ಎಂಬ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಂದ ಮೇಲೆ ಒಣಗುವ ಸಮಯ ಗಂಟೆಗಳ ಲೆಕ್ಕಕ್ಕೆ ಇಳಿಯಿತು, ಬಗೆ ಬಗೆ ಬಣ್ಣವೂ ಬಂತು. ನಮ್ಮಲ್ಲಿ ಮರದ ಕಪಾಟಿಗೂ 'ಡ್ಯೂಕೋ ಪೇಂಟ್' ಅನ್ನುತ್ತಾರಲ್ಲ, ಆ ಹೆಸರಿನ ಮೂಲ ಇದೇ. ಆಮೇಲೆ ಓವನ್ನಿನಲ್ಲಿ ಬೇಯಿಸುವ ಎನಾಮಲ್ ಬಂತು. ಬಣ್ಣದ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಹಾಕುವ ಪದ್ಧತಿ ಹರಡಿದ್ದು 1980ರ ದಶಕದಿಂದ ಈಚೆಗೆ.

ಮನೆಯಲ್ಲೇ ಮಾಡುವ ಎರಡು ಪರೀಕ್ಷೆಗಳಿವೆ. ಒಂದು, ಬಿಳಿ ಬಟ್ಟೆಗೆ ಸ್ವಲ್ಪ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಮೇಲೆ ಕ್ಲಿಯರ್ ಕೋಟ್ ಇಲ್ಲ. ಎರಡು, ಅಡಗಿದ ಜಾಗದಲ್ಲಿ ಹತ್ತಿಗೆ ಥಿನ್ನರ್ ಅದ್ದಿ ಒರೆಸಿ. ಬಣ್ಣ ಸಲೀಸಾಗಿ ಕರಗಿ ಹತ್ತಿಗೆ ಬಂದರೆ ಲ್ಯಾಕರ್. ಮೆತ್ತಗಾಗಿ ಸುಕ್ಕು ಬಂದರೆ ಎನಾಮಲ್. ಏನೂ ಆಗಲಿಲ್ಲ ಅಂದರೆ ಈಗಿನ ಕಾಲದ ಪಿಯು ಪೇಂಟ್, ಅಂದರೆ ಮೇಲಿನದ್ದು ಗ್ಯಾರೇಜಿನ ಕೆಲಸ ಅಂತ ಅರ್ಥ.

ಈ ಪರೀಕ್ಷೆ ಹಣ ಉಳಿಸುವುದೂ ಹೌದು. ಹಳೇ ಎನಾಮಲ್ ಮೇಲೆ ಲ್ಯಾಕರ್ ಹೊಡೆದರೆ ಅದರ ಖಾರ ಥಿನ್ನರಿಗೆ ಅಡಿಯ ಪೇಂಟ್ ಎದ್ದು ಸುಕ್ಕುಗಟ್ಟುತ್ತದೆ. ಮಾಡಿದ ಕೆಲಸ ಎಲ್ಲ ಪುನಃ ಮಾಡಬೇಕಾಗುತ್ತದೆ.

ಅಂಗಡಿಯಲ್ಲಿ ಬಣ್ಣ ಹೊಂದಿಸುವಾಗ

ಪೇಂಟ್ ಮಿಕ್ಸಿಂಗ್ ಸೆಂಟರುಗಳಲ್ಲಿ ಈಗ ಸ್ಪೆಕ್ಟ್ರೋಫೋಟೋಮೀಟರ್ ಎಂಬ ಯಂತ್ರ ಉಂಟು. ಬಣ್ಣದ ಮೇಲೆ ಇಟ್ಟರೆ ಯಾವ ಟಿಂಟ್ ಎಷ್ಟು ಅಂತ ಫಾರ್ಮುಲಾ ಕೊಡುತ್ತದೆ. ಪೆಟ್ರೋಲ್ ಮುಚ್ಚಳದ ಬಾಗಿಲು, ಗ್ಲೋವ್ ಬಾಕ್ಸ್ ಮುಚ್ಚಳ ಹೀಗೆ ಬಿಚ್ಚಿ ಒಯ್ಯಲಿಕ್ಕಾಗುವ ಚಪ್ಪಟೆ ತುಂಡು ಇದ್ದರೆ ಒಳ್ಳೇದು. ಆದರೆ ಅದು ಕಾರಿನ ಉಳಿದ ಭಾಗದ ಬಣ್ಣಕ್ಕೆ ಹೊಂದುತ್ತದಾ ಅಂತ ಮೊದಲೇ ನೋಡಿಕೊಳ್ಳಿ.

ಯಂತ್ರ ಕೊಟ್ಟದ್ದೇ ಕೊನೆ ಅಲ್ಲ. ಒಂದು ತಗಡಿಗೋ ಕಾರ್ಡಿಗೋ ಅದನ್ನು ಸ್ಪ್ರೇ ಮಾಡಿ, ಒಣಗಿದ ಮೇಲೆ ಹಳೇ ಬಣ್ಣದ ಪಕ್ಕ ಇಟ್ಟು ನೋಡಬೇಕು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಹಾಗೆ ಕಂಡ ಎರಡು ಬಣ್ಣ ಹೊರಗೆ ಬಿಸಿಲಿಗೆ ತಂದರೆ ಬೇರೆ ಬೇರೆ ಕಾಣುವುದುಂಟು. ಟಿಂಟುಗಳು ಬೇರೆ ಇದ್ದರೆ ಹೀಗಾಗುತ್ತದೆ. ಹಾಗಾಗಿ ಬಿಸಿಲು, ನೆರಳು, ಬಲ್ಬು ಮೂರರಲ್ಲೂ ನೋಡಿ ಓಕೆ ಮಾಡಿ. ಸರಿಯಾದ ಫಾರ್ಮುಲಾವನ್ನು ಬರೆಸಿಕೊಂಡು ಆರ್‌ಸಿ ಜತೆ ಇಟ್ಟುಕೊಳ್ಳಿ.

ಆರ್‌ಸಿ ಅಂದಾಗ ನೆನಪಾಯ್ತು. ಅದರಲ್ಲಿ ಕಾರಿನ ಬಣ್ಣವೂ ದಾಖಲಾಗಿರುತ್ತದೆ. ಈಗ ಅದರಲ್ಲಿರುವುದು ನಡುವೆ ಯಾರೋ ಬದಲಿಸಿದ ಬಣ್ಣ, ನೀವು ಮೂಲ ಬಣ್ಣಕ್ಕೆ ವಾಪಸ್ ಹೋಗ್ತಿದ್ದೀರಿ ಅಂತಾದರೂ ಆರ್‌ಟಿಒದಲ್ಲಿ ತಿದ್ದುಪಡಿ ಮಾಡಿಸಲೇಬೇಕು. ಕೆಎ-19 ಆಗಲಿ, ಅದಕ್ಕಿಂತ ಹಳೇ ನಂಬರ್ ಆಗಲಿ, ಪೇಂಟ್ ಆದ ಮೇಲೆ ಓಡಾಡುವ ಬದಲು ಮೊದಲೇ ವಿಚಾರಿಸಿ.

ಹೆಚ್ಚು ಹೊಳೆದರೆ ತಪ್ಪಾ?

ಹೌದು, ಒಂದು ಲೆಕ್ಕದಲ್ಲಿ ತಪ್ಪೇ. ಫ್ಯಾಕ್ಟರಿ ಪೇಂಟ್ ಕನ್ನಡಿಯಷ್ಟು ನಯ ಇರುತ್ತಿರಲಿಲ್ಲ. ಹತ್ತಿರದಿಂದ ನೋಡಿದರೆ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಅಲೆ ಇರುತ್ತಿತ್ತು. ಡಿಕ್ಕಿಯ ಒಳಗೆ, ಬಾನೆಟ್ ಅಡಿಯಲ್ಲಿ ಹೊಳಪು ಇನ್ನೂ ಕಮ್ಮಿ. ಅಂಥ ಕಾರಿಗೆ ಮೂರು ಕೋಟ್ ಕ್ಲಿಯರ್ ಹಾಕಿ, ಉಜ್ಜಿ, ಪಾಲಿಶ್ ಮಾಡಿದರೆ ಚಂದ ಕಾಣಬಹುದು. ಆದರೆ ಅದು 1970ರ ಕಾರಿನ ಹಾಗೆ ಕಾಣುವುದಿಲ್ಲ, ನಿನ್ನೆ ಶೋರೂಮಿಂದ ಬಂದ ಹಾಗೆ ಕಾಣುತ್ತದೆ. ಕ್ಲಿಯರ್ ಇಲ್ಲದ ಸಿಂಗಲ್ ಸ್ಟೇಜ್ ಪೇಂಟ್ ಈಗಲೂ ಸಿಗುತ್ತದೆ. ಹಳೇ ರೂಪಕ್ಕೆ ಅದೇ ಹತ್ತಿರ.

ಹಳೇ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ 'ಫೀವಾ' ಇದಕ್ಕೆಂದೇ ಟ್ಯೂರಿನ್ ಚಾರ್ಟರ್ ಎಂಬ ಮಾರ್ಗಸೂಚಿ ಮಾಡಿದೆ. ಅದರ ಸಾರ ಇಷ್ಟು: ಉಳಿಸಲಿಕ್ಕಾಗುವುದನ್ನು ಮೊದಲು ಉಳಿಸಿ, ಹೊಸತು ಮಾಡುವುದು ಆಮೇಲೆ. ಏನು ಮಾಡಿದಿರಿ ಅಂತ ದಾಖಲೆ ಇಡಿ. ಫ್ಯಾಕ್ಟರಿ ಪೇಂಟ್ ಮುಕ್ಕಾಲು ಭಾಗ ಚೆನ್ನಾಗಿದ್ದರೆ ಹಾಳಾದಲ್ಲಿ ಮಾತ್ರ ಹೊಂದಿಸಿ ಹೊಡೆಸುವುದೇ ಬುದ್ಧಿವಂತಿಕೆ. ಖರ್ಚೂ ಕಮ್ಮಿ. ಪೂರ್ತಿ ಹೊಡೆಸಲೇಬೇಕು ಅಂತಾದರೂ ಗ್ಲೋವ್ ಬಾಕ್ಸ್ ಹಿಂದೆ, ಡಿಕ್ಕಿಯ ಒಂದು ಮೂಲೆ, ಹೀಗೆ ಒಂದೆರಡು ಕಡೆ ಹಳೇ ಬಣ್ಣವನ್ನು ಹಾಗೇ ಬಿಡಿಸಿ.

ನಮ್ಮ ಹವೆಗೆ ತಕ್ಕ ಕೆಲಸ

ಮಂಗಳೂರಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ. ಸುರತ್ಕಲ್, ಪಣಂಬೂರು, ಉಳ್ಳಾಲದ ಕಡೆಯವರಿಗೆ ಮೇಲಿಂದ ಉಪ್ಪು ಗಾಳಿ. ಅಂಬಾಸಿಡರಿಗಾಗಲಿ ಪದ್ಮಿನಿಗಾಗಲಿ ಲಾರಿ, ಜೀಪಿನ ಹಾಗೆ ಪ್ರತ್ಯೇಕ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಬಾಗಿಲಿನ ಕೆಳಗಿನ ಪೆಟ್ಟಿಗೆ ಒಳಗಿನಿಂದ ತುಕ್ಕು ಹಿಡಿದರೆ ಕಾರಿನ ಬಲವೇ ಹೋಗುತ್ತದೆ. ಹೊರಗಿನ ಪೇಂಟ್ ಎಷ್ಟು ಚಂದ ಇದ್ದರೂ ಪ್ರಯೋಜನ ಇಲ್ಲ.

ಇಲ್ಲಿ ಒರಿಜಿನಲ್ ಅಂತ ಹಠ ಹಿಡಿಯುವುದು ಬೇಡ. ಹೊರಗೆ ಕಾಣುವಲ್ಲಿ ಫ್ಯಾಕ್ಟರಿ ರೂಪ ಇರಲಿ, ಕಾಣದ ಒಳ ಪೆಟ್ಟಿಗೆಗಳಿಗೆ ಈಗಿನ ಕಾಲದ ಕ್ಯಾವಿಟಿ ವ್ಯಾಕ್ಸ್ ಹೊಡೆಸಿ. ಬೇಕಾದರೆ ನಾಳೆ ತೆಗೆಯಲಿಕ್ಕೂ ಆಗುತ್ತದೆ. ನೀರು ಇಳಿದು ಹೋಗುವ ತೂತುಗಳನ್ನು ಪುಟ್ಟಿ, ಪೇಂಟ್ ಹಾಕಿ ಮುಚ್ಚಲಿಕ್ಕೆ ಬಿಡಬೇಡಿ. ತಗಡು ಬರಿದಾದ ದಿನವೇ ಸಿಹಿ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಪ್ರೈಮರ್ ಆಗಬೇಕು. ಕರಾವಳಿಯಲ್ಲಿ ಬರೀ ತಗಡು ಒಂದು ರಾತ್ರಿ ನಿಂತರೂ ಕೆಂಪು ಹಿಡಿಯುತ್ತದೆ, ಅದರ ಮೇಲೆ ಪೇಂಟ್ ಹೊಡೆದರೆ ವರ್ಷದೊಳಗೆ ಗುಳ್ಳೆ ಏಳುತ್ತದೆ.

ಮಳೆಗಾಲದಲ್ಲಿ ಪೇಂಟಿಂಗ್ ಬೇಡ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಲ್ಯಾಕರ್ ಒಣಗುವಾಗ ಅದರ ಮೇಲೆ ಬಿಳಿ ಮಂಜು ಕೂರುತ್ತದೆ. ಕಂಪ್ರೆಸರಿನ ಪೈಪಿನಲ್ಲೂ ನೀರು ಸೇರಿ ಬಣ್ಣದ ಜತೆ ಚಿಮ್ಮುತ್ತದೆ. ಮಳೆಗಾಲವನ್ನು ಫೋಟೋ, ಹುಡುಕಾಟ, ಸ್ಯಾಂಪಲ್ ಕೆಲಸಕ್ಕೆ ಇಟ್ಟುಕೊಳ್ಳಿ. ದೀಪಾವಳಿ ಕಳೆದು ಹವೆ ಒಣಗಿದ ಮೇಲೆ ಶುರು ಮಾಡಿದರೆ ಶಿವರಾತ್ರಿಯೊಳಗೆ ಮುಗಿಸಬಹುದು.

ಪೇಂಟರಿನ ಉಸಿರೂ ಮುಖ್ಯ

ಕೊನೆಗೆ, ಯಾರೂ ಹೆಚ್ಚು ಮಾತಾಡದ ಒಂದು ವಿಷಯ. ಹಳೇ ಕಾರುಗಳ ಹಳದಿ, ಕೆಂಪು ಬಣ್ಣದಲ್ಲಿ, ಹಳೇ ಕೆಂಪು ಪ್ರೈಮರಿನಲ್ಲಿ ಸೀಸ ಇರುವ ಸಾಧ್ಯತೆ ಉಂಟು. ಮನೆಗೆ ಹೊಡೆಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಅಂತ ನಮ್ಮ ದೇಶದಲ್ಲಿ ನಿಯಮ ಬಂದದ್ದೇ 2016ರಲ್ಲಿ. ಹಾಗಾಗಿ ಹಳೇ ಪೇಂಟನ್ನು ಒಣಗಿದ ಹಾಗೇ ಮೆಶಿನ್ನಿನಲ್ಲಿ ಉಜ್ಜಿ ಧೂಳೆಬ್ಬಿಸುವುದು ಅಪಾಯ, ಅದೂ ಮಕ್ಕಳು ಓಡಾಡುವ ಮನೆಯಂಗಳದಲ್ಲಿ ಬೇಡವೇ ಬೇಡ. ನೀರು ಹಾಕಿ ಉಜ್ಜಿ, ಆ ಕೆಸರನ್ನು ಬಾವಿಯ ಹತ್ತಿರ, ತೋಟಕ್ಕೆ ಹೋಗುವ ಚರಂಡಿಗೆ ಬಿಡಬೇಡಿ.

ಇನ್ನು ಪಿಯು ಪೇಂಟಿನ ಹಾರ್ಡನರಿನಲ್ಲಿ ಐಸೋಸೈನೇಟ್ ಎಂಬ ರಾಸಾಯನಿಕ ಇರುತ್ತದೆ. ಸ್ಪ್ರೇ ಮಾಡುವಾಗ ಅದು ಶ್ವಾಸಕೋಶಕ್ಕೆ ಹೋದರೆ ಅಸ್ತಮಾ ಬರಬಹುದು. ಒಮ್ಮೆ ಆ ಅಲರ್ಜಿ ಶುರುವಾದರೆ ಪೇಂಟರ್ ಆ ಕೆಲಸವನ್ನೇ ಬಿಡಬೇಕಾಗಬಹುದು. ಮೂಗಿಗೆ ಕಟ್ಟುವ ಟವೆಲು, ಕೊರೊನಾ ಕಾಲದ ಬಟ್ಟೆ ಮಾಸ್ಕ್ ಇದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿ ಕೊಡುವ ಮಾಸ್ಕ್ ಬೇಕು. ಲಕ್ಷಗಟ್ಟಲೆ ಸುರಿದು ಕಾರು ರೆಡಿ ಮಾಡಿಸುವವರು ಕೊಟೇಶನ್ ಕೇಳುವಾಗ ಇದನ್ನೂ ಕೇಳಿ. ಇದಿಲ್ಲದ ಕಡೆ ರೇಟು ಕಮ್ಮಿ ಇರಬಹುದು, ಆ ಕಮ್ಮಿ ರೇಟಿನ ಬಾಕಿ ತೀರಿಸುವುದು ಗನ್ ಹಿಡಿದ ಹುಡುಗ.

ಗ್ಯಾರೇಜಿಗೆ ಹೋಗುವ ಮೊದಲು ಇಷ್ಟು ಮಾಡಿ:

1. ಏನನ್ನೂ ತೊಳೆಯದೆ, ಬಿಚ್ಚುವಾಗ ಹಂತ ಹಂತವಾಗಿ ಫೋಟೋ ತೆಗೆಯಿರಿ.
2. ಬಿಚ್ಚಲಾಗದ ಎರಡು ಮೂರು ಭಾಗಗಳಲ್ಲಿ ಮೂಲ ಬಣ್ಣ ಹುಡುಕಿ.
3. ಬಟ್ಟೆ ಮತ್ತು ಥಿನ್ನರ್ ಪರೀಕ್ಷೆ ಮಾಡಿ ಪೇಂಟಿನ ಜಾತಿ ತಿಳಿಯಿರಿ.
4. ಸ್ಯಾಂಪಲನ್ನು ಬಿಸಿಲಲ್ಲೂ ನೋಡಿ ಒಪ್ಪಿ, ಫಾರ್ಮುಲಾ ಬರೆಸಿಕೊಳ್ಳಿ.
5. ಆರ್‌ಸಿಯಲ್ಲಿನ ಬಣ್ಣ ಚೆಕ್ ಮಾಡಿ, ಬೇರೆ ಇದ್ದರೆ ಆರ್‌ಟಿಒದಲ್ಲಿ ವಿಚಾರಿಸಿ.
6. ಎಲ್ಲಿ ಉಜ್ಜಬಾರದು, ಎಲ್ಲಿ ಹಳೇ ಬಣ್ಣ ಬಿಡಬೇಕು ಅನ್ನುವುದನ್ನು ಪೇಂಟರಿಗೆ ಬರೆದೇ ಕೊಡಿ.

ನಿಮ್ಮ ಮನೆಯ ಶೆಡ್ಡಿನಲ್ಲೂ ಇಂಥ ಕಾರಿದ್ದರೆ ಈ ಭಾನುವಾರ ಒಂದು ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಅಡಿ ಇಣುಕಿ ನೋಡಿ. ಹೊರಗೆ ಕಾಣುವ ಬಣ್ಣವೇ ಅಲ್ಲೂ ಇದೆಯಾ, ಬೇರೆಯೇ ಇದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ.